ರಟ್ಟಿನ ಜೆಸಿಬಿ ತೋಳು ಏಳ್ತಿಲ್ವಾ? ಸಿರಿಂಜ್ ಹೈಡ್ರಾಲಿಕ್ ಎಲ್ಲಿ ಕೈಕೊಟ್ಟಿದೆ ಅಂತ ಹುಡುಕೋದು ಹೀಗೆ

ಸೈನ್ಸ್ ಎಕ್ಸಿಬಿಷನ್ ಹತ್ರ ಬಂತು ಅಂದ್ರೆ ಮನೆ ಮನೇಲೂ ರಟ್ಟಿನ ಜೆಸಿಬಿ ತಯಾರಾಗತ್ತೆ. ಎರಡು ಸಿರಿಂಜು, ಮಧ್ಯೆ ಒಂದು ಟ್ಯೂಬು, ಒಳಗೆ ಬಣ್ಣದ ನೀರು, ಈ ಕಡೆ ಒತ್ತಿದ್ರೆ ಆ ಕಡೆ ತೋಳು ಏಳಬೇಕು, ಅಷ್ಟೇ. ವಿಡಿಯೋದಲ್ಲಿ ನೋಡೋಕೆ ಐದು ನಿಮಿಷದ ಕೆಲಸ. ಮನೇಲಿ ಮಾಡಿದ್ರೆ ತೋಳು ಅರ್ಧಕ್ಕೆ ನಿಲ್ಲತ್ತೆ, ಇಲ್ಲಾ ಎದ್ದಿದ್ದು ತಾನಾಗೇ ಬಿದ್ದೋಗತ್ತೆ, ಇಲ್ಲಾ ಟ್ಯೂಬ್ ಕಿತ್ಕೊಂಡು ಅಪ್ಪನ ಅಂಗಿ ಮೇಲೆ ನೀಲಿ ನೀರು. ಆಗ ಮಗು ಮುಖ ಸಣ್ಣ ಮಾಡತ್ತೆ, ದೊಡ್ಡೋರು ಎಲ್ಲಾ ಕಡೆ ಫೆವಿಕ್ವಿಕ್ ಸುರಿಯೋಕೆ ಶುರು ಮಾಡ್ತಾರೆ. ಅಂಟು ಒಣಗಿದ್ಮೇಲೆ ಏನನ್ನೂ ಬಿಚ್ಚಿ ನೋಡೋಕಾಗಲ್ಲ, ಅದಕ್ಕೇ ಮೊದಲು ಅಂಟಿನ ಮುಚ್ಚಳ ಹಾಕಿ.

ಮುಟ್ಟೋಕೆ ಮುಂಚೆ

ಸಿರಿಂಜ್ ಹೊಸದೇ ಆಗಿರಬೇಕು, ಪ್ಯಾಕೆಟ್ ಒಡೆಯದೇ ಇರೋದು, ಸೂಜಿ ಇಲ್ಲದ್ದು ಕೊಡಿ ಅಂತ ಮೆಡಿಕಲ್ ಶಾಪಲ್ಲಿ ಕೇಳಿ. ಸೂಜಿ ಸಮೇತನೇ ಬಂದ್ರೆ ಮಗು ಕೈಗೆ ಹೋಗೋ ಮುಂಚೆ ನೀವೇ ತೆಗೆದು, ಕ್ಯಾಪ್ ಹಾಕಿರೋ ಹಾಗೇ ಗಟ್ಟಿ ಡಬ್ಬೀಲಿ ಹಾಕಿಟ್ಟು ಕ್ಲಿನಿಕ್ಕಿಗೆ ಕೊಟ್ಟುಬಿಡಿ. ಆಸ್ಪತ್ರೆ ಹಿಂದೆ ಬಿದ್ದಿದ್ದು, ಯಾರೋ ಉಪಯೋಗಿಸಿ ಬಿಟ್ಟಿದ್ದು ಕುದಿಸಿದ್ರೂ ಬೇಡ. ಕಟ್ಟರ್ ಮತ್ತೆ ಗ್ಲೂ ಗನ್ ದೊಡ್ಡೋರ ಕೈಯಲ್ಲೇ ಇರ್ಲಿ. ಫೆವಿಕ್ವಿಕ್ ತರದ ಅಂಟು ಹತ್ತಿ ಬಟ್ಟೆ ಮೇಲೆ ಬಿದ್ರೆ ಜೋರಾಗಿ ಬಿಸಿಯಾಗತ್ತೆ, ಹೊಗೆನೂ ಬರಬಹುದು, ಚರ್ಮ ಸುಡತ್ತೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಕೈ ಒರೆಸೋಕೆ ಹಳೇ ಕಾಟನ್ ಬನಿಯನ್ ಇಟ್ಕೊಂಡೇ ಕೂತಿರ್ತಾರೆ.

ಮೊದಲನೇ ಟೆಸ್ಟು, ಖರ್ಚಿಲ್ಲದ್ದು

ಲಕ್ಷಣ ಏನೇ ಇರ್ಲಿ, ಮೊದಲು ತೋಳಿಗೆ ಸಿಕ್ಸಿರೋ ಸಿರಿಂಜನ್ನ ತೋಳಿಂದ ಬಿಚ್ಚಿ, ಟ್ಯೂಬ್ ಮಾತ್ರ ಬಿಚ್ಚಬೇಡಿ. ಈಗ ಈ ಕಡೆ ಸಿರಿಂಜ್ ಒತ್ತಿ ನೋಡಿ. ಆ ಕಡೆ ಪಿಸ್ಟನ್ (ಸಿರಿಂಜ್ ಒಳಗೆ ಹಿಂದೆ ಮುಂದೆ ಹೋಗೋ, ತುದೀಲಿ ರಬ್ಬರ್ ಇರೋ ಕಡ್ಡಿ) ತಡ ಮಾಡದೆ ನಯವಾಗಿ ಹೊರಗೆ ಬಂತು ಅಂದ್ರೆ ನೀರಿನ ಕಡೆ ಸರಿಯಾಗಿದೆ, ತಪ್ಪು ರಟ್ಟಿನ ಕಡೆ ಇದೆ. ಬಿಚ್ಚಿದ್ಮೇಲೂ ಬರ್ತಿಲ್ಲ ಅಂದ್ರೆ ರಟ್ಟನ್ನ ಮುಟ್ಟಲೇಬೇಡಿ, ತಪ್ಪು ನೀರಿನ ಕಡೆ. ಹಾಗೇ ಸಿರಿಂಜ್ ಇಲ್ಲದೆ ತೋಳನ್ನ ಒಂದು ಬೆರಳಲ್ಲಿ ಎತ್ತಿ ನೋಡಿ, ಆದ್ರೆ ತುದಿ ಹಿಡಿದು ಅಲ್ಲ, ಸಿರಿಂಜ್ ಎಲ್ಲಿ ತಳ್ಳತ್ತೋ ಅದೇ ಜಾಗದಲ್ಲಿ. ನಿಮ್ಮ ಬೆರಳಿಗೇ ಭಾರ ಅನ್ಸಿದ್ರೆ ಪಾಪ ಸಿರಿಂಜ್ ಏನು ಮಾಡತ್ತೆ.

ಈ ಬಿಚ್ಚಿ ನೋಡೋ ಕೆಲಸವನ್ನ ಮಗು ಕೈಲೇ ಮಾಡ್ಸಿ. ಕಟ್ಟೋದನ್ನ ವಿಡಿಯೋ ನೋಡಿ ಯಾರು ಬೇಕಾದ್ರೂ ಕಟ್ತಾರೆ, ತಪ್ಪು ಯಾವ ಕಡೆ ಇದೆ ಅಂತ ಎರಡು ಭಾಗ ಮಾಡಿ ನೋಡೋದೇ ಇದರಲ್ಲಿರೋ ಇಂಜಿನಿಯರಿಂಗು.

“ಒತ್ತಿದ್ರೆ ಮೆತ್ತಗೆ ಒಳಗೆ ಹೋಗತ್ತೆ, ಬಿಟ್ರೆ ಸ್ಪ್ರಿಂಗ್ ತರ ವಾಪಸ್ ಬರತ್ತೆ, ತೋಳು ಮಾತ್ರ ಅಲ್ಲೇ”

ಒಳಗೆ ಗಾಳಿ ಇದೆ. ನೀರನ್ನ ಒತ್ತಿ ಸಣ್ಣ ಮಾಡೋಕೆ ನಮ್ಮ ಬೆರಳಿಗೆ ಆಗಲ್ಲ, ಗಾಳಿಯನ್ನ ಸುಲಭವಾಗಿ ಮಾಡಬಹುದು, ಒತ್ತಡ ಎರಡರಷ್ಟಾದ್ರೆ ಗಾಳಿ ಅರ್ಧಕ್ಕೆ ಕುಗ್ಗತ್ತೆ. ನೀವು ಹಾಕಿದ ಬಲ ಎಲ್ಲಾ ಆ ಗುಳ್ಳೆ ಕುಗ್ಗಿಸೋಕೇ ಹೋಯ್ತು, ತೋಳಿಗೆ ಏನೂ ಉಳೀಲಿಲ್ಲ.

ಜಾಸ್ತಿ ಜನ ಮಾಡೋದು ಏನಂದ್ರೆ ಸಿರಿಂಜ್ ತುಂಬ ನೀರು ಎಳ್ಕೊಂಡು ಖಾಲಿ ಟ್ಯೂಬಿಗೆ ಸಿಕ್ಸಿಬಿಡೋದು. ಟ್ಯೂಬ್ ಒಳಗಿನ ಗಾಳಿ ಲೆಕ್ಕಕ್ಕೇ ಬಂದಿರಲ್ಲ. ಒಳಗಡೆ 4 ಮಿಮೀ ಅಗಲ ಇರೋ ಟ್ಯೂಬ್ ಅರ್ಧ ಮೀಟರ್ ಉದ್ದ ಇದ್ರೆ ಅದರಲ್ಲೇ 6 ಎಂಎಲ್‌ಗಿಂತ ಸ್ವಲ್ಪ ಜಾಸ್ತಿ ಹಿಡಿಯತ್ತೆ, ಅಂದ್ರೆ 5 ಎಂಎಲ್ ಸಿರಿಂಜಿಗಿಂತ ಜಾಸ್ತಿ ಗಾಳಿ ಬರೀ ಟ್ಯೂಬಲ್ಲೇ ಕೂತಿದೆ.

ಸರಿ ಮಾಡೋದು ಹೀಗೆ. ಒಂದು ಸಿರಿಂಜಿಗೆ ಟ್ಯೂಬ್ ಸಿಕ್ಸಿ, ಟ್ಯೂಬ್ ತುದಿಯನ್ನ ಬಕೆಟ್ ನೀರಲ್ಲಿ ಮುಳುಗಿಸಿ ಎಳೀರಿ. ಆಮೇಲೆ ಸಿರಿಂಜಿನ ಮೂತಿ ಮೇಲೆ ಮಾಡಿ, ಬೆರಳಲ್ಲಿ ಟಕ್ ಟಕ್ ಅಂತ ಹೊಡೆದು ಗುಳ್ಳೆ ಎಲ್ಲಾ ಮೇಲೆ ಬಂದ್ಮೇಲೆ ಒತ್ತಿ ಹೊರಗೆ ಹಾಕಿ, ಮತ್ತೆ ಎಳೀರಿ. ಗುಳ್ಳೆ ಕಾಣದೆ ಇರೋವರೆಗೂ ಇದನ್ನೇ ಮಾಡ್ತಿರಿ. ಎರಡನೇ ಸಿರಿಂಜಿನ ಪಿಸ್ಟನ್ನನ್ನ ಪೂರ್ತಿ ಒಳಗೆ ಒತ್ತಿಟ್ಟು, ಅದರ ಮೂತಿಯನ್ನೂ ನೀರಲ್ಲೇ ಮುಳುಗಿಸಿ, ನೀರಿನ ಒಳಗೇ ಟ್ಯೂಬಿಗೆ ಸಿಕ್ಸಿ. ಹೊರಗಡೆ ಜೋಡಿಸಿದ್ರೆ ಕೊನೇ ಗಳಿಗೇಲಿ ಒಂದು ಚಿಟಿಕೆ ಗಾಳಿ ಸೇರ್ಕೊಂಡೇ ಬಿಡತ್ತೆ.

ಇವತ್ತು ಗುಳ್ಳೆ ಇರ್ಲಿಲ್ಲ, ನಾಳೆ ಬೆಳಿಗ್ಗೆ ಟ್ಯೂಬ್ ಗೋಡೆಗೆ ಸಣ್ಣ ಸಣ್ಣ ಗುಳ್ಳೆ ಅಂಟ್ಕೊಂಡಿವೆ ಅಂದ್ರೆ ಅದು ಲೀಕ್ ಅಲ್ಲದೇ ಇರಬಹುದು, ನೀರಲ್ಲಿ ಕರಗಿದ್ದ ಗಾಳಿ ಹೊರಗೆ ಬಂದಿರತ್ತೆ. ಕುದಿಸಿ ಆರಿಸಿದ ನೀರು ಹಾಕಿದ್ರೆ ಕಮ್ಮಿಯಾಗತ್ತೆ. ಪೂರ್ತಿ ಆರಿರಬೇಕು, ಬಿಸಿ ನೀರು ಹಾಕಿ ಮಕ್ಕಳ ಕೈಗೆ ಕೊಡಬೇಡಿ.

“ತೋಳು ಏಳತ್ತೆ, ಆದ್ರೆ ನಿಲ್ಲಲ್ಲ, ನಿಧಾನಕ್ಕೆ ಇಳಿದುಬಿಡತ್ತೆ”

ಎರಡೇ ಕಾರಣ. ನೀವು ಬೆರಳು ಬಿಟ್ಟಾಗ ಈ ಕಡೆ ಪಿಸ್ಟನ್ ಹಿಂದೆ ಬರ್ತಿದೆಯಾ ನೋಡಿ. ಹಿಂದೆ ಬಂದ್ರೆ ಅದು ದೋಷನೇ ಅಲ್ಲ, ತೋಳಿನ ಭಾರ ನೀರನ್ನ ವಾಪಸ್ ತಳ್ತಿದೆ, ಹಿಡ್ಕೊಳ್ಳೋಕೆ ಇದರಲ್ಲಿ ವಾಲ್ವ್ ಇಲ್ವಲ್ಲ. ತೋಳು ಎದ್ದಿರುವಾಗ ತೋಳಿನ ಕಡೆ ಸಿರಿಂಜಿನ ಪಿಸ್ಟನ್ ಕಡ್ಡಿಗೆ ಒಂದು ಬಟ್ಟೆ ಕ್ಲಿಪ್ ಹಾಕಿ ಆ ಸಿರಿಂಜಿನ ಬಾಯಿಗೆ ತಾಗೋ ಹಾಗೆ ಇಟ್ರೆ ತೋಳು ಮೇಲೇ ನಿಲ್ಲತ್ತೆ.

ಈ ಕಡೆ ಪಿಸ್ಟನ್ ಇದ್ದಲ್ಲೇ ಇದೆ, ಆದ್ರೂ ತೋಳು ಇಳೀತಿದೆ ಅಂದ್ರೆ ನೀರು ಎಲ್ಲೋ ಹೊರಗೆ ಹೋಗ್ತಿದೆ. ಎಲ್ಲಾನೂ ಒಣ ಬಟ್ಟೇಲಿ ಒರೆಸಿ, ಟ್ಯೂಬ್ ಸೇರೋ ಎರಡೂ ಜಾಗಕ್ಕೆ ಟಿಶ್ಯೂ ಪೇಪರ್ ಸುತ್ತಿ, ಪಿಸ್ಟನ್ ಹಿಂದುಗಡೆನೂ ಸ್ವಲ್ಪ ಟಿಶ್ಯೂ ತುರುಕಿ, ತೋಳನ್ನ ಮೇಲೆತ್ತಿ ಹಿಡ್ಕೊಂಡಿರಿ. ಬಣ್ಣದ ನೀರು ಹಾಕಿದ್ರ ಉಪಯೋಗ ಇಲ್ಲೇ ಗೊತ್ತಾಗೋದು, ಯಾವ ಪೇಪರಿಗೆ ಬಣ್ಣ ಬಂತೋ ಅಲ್ಲೇ ತೂತು.

ಟ್ಯೂಬ್ ಸೇರೋ ಜಾಗದಲ್ಲಿ ಲೀಕ್ ಇದ್ರೆ ಟ್ಯೂಬ್ ತುದಿಯನ್ನ ಅರ್ಧ ಇಂಚು ಕತ್ತರಿಸಿ ಹೊಸ ತುದಿ ಸಿಕ್ಸಿ, ಹಳೇ ತುದಿ ಹಿಗ್ಗಿ ಸಡಿಲ ಆಗಿರತ್ತೆ. ಪಿಸ್ಟನ್ ಹಿಂದೆ ನೀರು ಬರ್ತಿದ್ರೆ ರಬ್ಬರ್ ಹೋಗಿದೆ ಅಂತ ಅರ್ಥ, ಅದನ್ನ ರಿಪೇರಿ ಮಾಡೋಕೆ ಕೂರಬೇಡಿ, ಹತ್ತು ರೂಪಾಯಿ ಆಸುಪಾಸಿನ ವಸ್ತು, ಬದಲಾಯಿಸಿ. ಪಿಸ್ಟನ್ ಪಕ್ಕ ನೀರು ಸೋರೋದು ನಮ್ಮ ರಟ್ಟಿನ ಜೆಸಿಬಿಗೆ ಮಾತ್ರ ಬಂದ ಕಷ್ಟ ಅಲ್ಲ ಬಿಡಿ. 1795ರಲ್ಲಿ ಜೋಸೆಫ್ ಬ್ರಾಮಾ ಇಂಗ್ಲೆಂಡಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ (ನೀರಿನ ಒತ್ತಡದಿಂದ ವಸ್ತುಗಳನ್ನ ಅದುಮೋ ಯಂತ್ರ) ಪೇಟೆಂಟ್ ತಗೊಂಡಾಗ ಅವನಿಗೂ ಇದೇ ತಲೆನೋವಿತ್ತು, ಅವನ ಹತ್ರ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್ಲೆ ಚರ್ಮದ ಬಟ್ಟಲಿನ ಆಕಾರದ ಸೀಲ್ ಹಾಕಿ ಬಿಡಿಸಿದ ಅಂತ ಹೇಳ್ತಾರೆ. ನೀರಿನ ಒತ್ತಡ ಜಾಸ್ತಿ ಆದಷ್ಟೂ ಆ ಚರ್ಮ ಅಗಲ ಆಗಿ ಗೋಡೆಗೆ ಇನ್ನೂ ಗಟ್ಟಿ ಒತ್ಕೊಳ್ಳತ್ತೆ.

“ಜೋರಾಗಿ ಒತ್ತಿದ್ರೆ ಟ್ಯೂಬ್ ಪಟ್ ಅಂತ ಕಿತ್ಕೊಳ್ಳತ್ತೆ”

ಇಲ್ಲೇ ಎಲ್ರೂ ಫೆವಿಕ್ವಿಕ್ ಹಾಕೋದು, ಇಲ್ಲೇ ಅದು ಕೆಲಸ ಮಾಡದೇ ಇರೋದು. ಸಿರಿಂಜಿನ ಕೊಳವೆ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕು, ಅದರ ಮೇಲೆ ಯಾವ ಅಂಟೂ ಸರಿಯಾಗಿ ಕೂರಲ್ಲ, ಗ್ಲೂ ಗನ್ನಿನ ಅಂಟೂ ಆರಿದ್ಮೇಲೆ ಸಿಪ್ಪೆ ಎದ್ದ ಹಾಗೆ ಎದ್ದು ಬರತ್ತೆ. ಅದೇ ಫೆವಿಕ್ವಿಕ್ ಒಳಗೆ ಇಳಿದು ರಬ್ಬರಿಗೆ ತಾಗಿದ್ರೆ ಮಾತ್ರ ಚೆನ್ನಾಗಿ ಹಿಡಿಯತ್ತೆ, ಪಿಸ್ಟನ್ ಅಲ್ಲಿಗೇ ಸಿಕ್ಕಾಕೊಳ್ತು.

ಅಂಟಿಲ್ಲದೆ ಬಿಗಿ ಮಾಡಬೇಕು. ಆಸ್ಪತ್ರೇಲಿ ಗ್ಲೂಕೋಸ್ ಹಾಕೋ ಹೊಸ ಡ್ರಿಪ್ ಸೆಟ್ಟಿನ ಟ್ಯೂಬ್ ಇದ್ರೆ ತುದಿಯನ್ನ ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ಮೆತ್ತಗೆ ಮಾಡಿ ಮೂತಿಗೆ ತಿರುಗಿಸ್ತಾ ತಳ್ಳಿ, ಆರಿದ್ಮೇಲೆ ಹಿಡ್ಕೊಳ್ಳತ್ತೆ. ಅಕ್ವೇರಿಯಂ ಏರ್ ಪಂಪಿನ ಪೈಪ್ ಆದ್ರೆ ಇನ್ನೂ ಸುಲಭ, ಮೂತಿಗೆ ಹೆಚ್ಚು ಕಮ್ಮಿ ಸರಿಯಾಗಿ ಕೂರತ್ತೆ, ಮೇಲೆ ಒಂದು ಸಣ್ಣ ಕೇಬಲ್ ಟೈ ಅಥವಾ ದಾರ ಬಿಗಿದು ಕಟ್ಟಿ. ಗಾರೆ ಕೆಲಸದವರ ಲೆವೆಲ್ ಪೈಪ್ ತಂದವರೂ ಇದ್ದಾರೆ, ಅದು ತುಂಬಾ ದಪ್ಪ, ಆಗಲ್ಲ. ಸಿರಿಂಜ್ ತಗೊಳ್ಳುವಾಗ್ಲೇ ಮೂತಿ ನೋಡಿ, ಮೂತಿ ಸುತ್ತ ತಿರುಪಿನ ಕಾಲರ್ ಇರೋದು ತರಬೇಡಿ, ಟ್ಯೂಬ್ ಒಳಗೆ ಹೋಗಲ್ಲ. ಬರೀ ನುಣ್ಣನೆ ಮೂತಿ ಇರೋದೇ ಬೇಕು.

ಟ್ಯೂಬ್ ಕಿತ್ಕೊಂಡಾಗ ನೀರು ನೇರ ಮುಖಕ್ಕೇ ಹೊಡೆಯತ್ತೆ. ಟೆಸ್ಟ್ ಮಾಡುವಾಗ ಬಗ್ಗಿ ಕಣ್ಣು ಹತ್ರ ಇಟ್ಕೊಂಡು ನೋಡೋದು ಬೇಡ, ಪಕ್ಕದಲ್ಲಿ ಸ್ವಿಚ್ ಬೋರ್ಡು, ಎಕ್ಸ್‌ಟೆನ್ಷನ್ ಬಾಕ್ಸು ಇರಬಾರದು.

“ತಳ್ಳಿದ್ರೆ ಏಳತ್ತೆ, ಎಳೆದ್ರೆ ಇಳಿಯಲ್ಲ”

ಇದು ಸ್ವಲ್ಪ ಸ್ವಾರಸ್ಯದ ಲಕ್ಷಣ. ತಳ್ಳೋಕೆ ನಿಮ್ಮ ಬೆರಳಿಗೆ ಎಷ್ಟು ಬಲ ಇದೆಯೋ ಅಷ್ಟೂ ಸಿಗತ್ತೆ, ಎಳೆಯೋಕೆ ಹಾಗಿಲ್ಲ. ಎಳೆದಾಗ ಆ ಕಡೆ ಪಿಸ್ಟನ್ನನ್ನ ಒಳಗೆ ತಳ್ಳೋದು ಹೊರಗಿನ ಗಾಳಿಯ ಒತ್ತಡ, ಅದು ಒಂದು ಚದರ ಸೆಂಮೀಗೆ ಸುಮಾರು 1 ಕೆಜಿ, ಅದಕ್ಕಿಂತ ಮೇಲೆ ಒಂದು ಗ್ರಾಮೂ ಸಿಗಲ್ಲ. 10 ಎಂಎಲ್ ಸಿರಿಂಜಿನ ಒಳಗಿನ ಅಗಲ 15 ಮಿಮೀ ಆಸುಪಾಸು, ಲೆಕ್ಕ ಹಾಕಿದ್ರೆ ಎಷ್ಟೇ ಎಳೆದ್ರೂ ಹೆಚ್ಚಂದ್ರೆ 1.8 ಕೆಜಿ ಎಳೆತ. ನಿಜದಲ್ಲಿ ಅಷ್ಟೂ ಬರಲ್ಲ, ಅದಕ್ಕೆ ಮುಂಚೆನೇ ರಬ್ಬರ್ ಪಕ್ಕದಿಂದ ಗಾಳಿ ಒಳಗೆ ನುಗ್ಗತ್ತೆ, ಇಲ್ಲಾ ಮೆತ್ತನೆ ಟ್ಯೂಬ್ ಚಪ್ಪಟೆ ಆಗತ್ತೆ. ಜೋರಾಗಿ ಎಳೆದ ಮೇಲೆ ಹೊಸದಾಗಿ ಗುಳ್ಳೆ ಕಾಣಿಸ್ಕೊಂಡ್ರೆ ಇದೇ ಆಗಿರೋದು.

ಮೊದಲು ಟ್ಯೂಬ್ ಎಲ್ಲಾದ್ರೂ ಮಡಚಿದೆಯಾ ನೋಡಿ. ಇಲ್ಲ ಅಂದ್ರೆ ತೋಳು ಇಳಿಯೋ ಕೆಲಸವನ್ನ ರಬ್ಬರ್ ಬ್ಯಾಂಡಿಗೆ ಕೊಡಿ, ಒಂದು ತುದಿ ತೋಳಿಗೆ, ಇನ್ನೊಂದು ತುದಿ ಬುಡಕ್ಕೆ. ಆಗ ನೀವು ಎಳೆಯೋದೇ ಬೇಡ, ಬಿಟ್ರೆ ಸಾಕು. ರಸ್ತೇಲಿ ನಿಜವಾದ ಜೆಸಿಬಿ ನಿಂತಿದ್ರೆ ಮಗುಗೆ ಅದರ ಸಿಲಿಂಡರ್ ತೋರ್ಸಿ, ಒಂದೊಂದಕ್ಕೂ ಎರಡೆರಡು ಪೈಪ್ ಹೋಗಿರತ್ತೆ, ಹೊರಗೆ ತಳ್ಳೋಕೆ ಒಂದು, ಒಳಗೆ ತಳ್ಳೋಕೆ ಇನ್ನೊಂದು. ಅದು ಎಳೆಯೋದೇ ಇಲ್ಲ, ಎರಡೂ ಕಡೆಯಿಂದ ತಳ್ಳತ್ತೆ. ದೂರದಿಂದ ತೋರ್ಸಿ, ಕೆಲಸ ನಡೀತಿರೋ ಗಾಡಿ ಹತ್ರ ಹೋಗಬೇಡಿ.

“ಜರ್ಕ್ ಹೊಡ್ಕೊಂಡು ಏಳತ್ತೆ, ನಡುನಡುವೆ ಸಿಕ್ಕಾಕೊಳ್ಳತ್ತೆ”

ಬಿಚ್ಚಿ ನೋಡಿದಾಗ್ಲೂ ಜರ್ಕ್ ಇದ್ರೆ ರಬ್ಬರ್ ಒಣಗಿದೆ. ಹೊಸ ಸಿರಿಂಜ್ ಒಳಗೆ ತೆಳ್ಳಗೆ ಸಿಲಿಕೋನ್ ಎಣ್ಣೆ ಸವರಿರ್ತಾರೆ, ಸೋಪ್ ಹಾಕಿ ತೊಳೆದ್ರೆ ಹೋಗ್ಬಿಡತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ ಗ್ಲಿಸರಿನ್ ಒಂದು ಹನಿ ರಬ್ಬರಿಗೆ ಸವರಿ ನಾಲ್ಕು ಸಲ ಹಿಂದೆ ಮುಂದೆ ಮಾಡಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಎಣ್ಣೆಗೆ ರಬ್ಬರ್ ಉಬ್ಬಿ ಇನ್ನೂ ಬಿಗಿಯಾಗಬಹುದು, ಜೊತೆಗೆ 24 ಡಿಗ್ರಿ ಆಸುಪಾಸಲ್ಲಿ ಅದು ಗಟ್ಟಿಯಾಗತ್ತೆ, ಡಿಸೆಂಬರಲ್ಲಿ ಚಿಕ್ಕಮಗಳೂರಲ್ಲಿ ಎಕ್ಸಿಬಿಷನ್ ಇದ್ರೆ ಬೆಳಿಗ್ಗೆ ನಿಮ್ಮ ಜೆಸಿಬಿ ಏಳೋದೇ ಇಲ್ಲ.

ಇನ್ನೊಂದು, ಬಣ್ಣಕ್ಕೆ ಅರಿಶಿನ, ಕುಂಕುಮ ಕಲಸಿರ್ತಾರೆ. ಅವು ನೀರಲ್ಲಿ ಕರಗಲ್ಲ, ತಳಕ್ಕೆ ಕೂತು ಮೂತಿ ಕಟ್ಟತ್ತೆ, ರಬ್ಬರ್ ಮಧ್ಯೆ ಸೇರಿ ಗೀಚತ್ತೆ. ಕೇಕಿಗೆ ಹಾಕೋ ಬಣ್ಣ ಎರಡು ಹನಿ ಸಾಕು.

“ನೀರಿನ ಕಡೆ ಎಲ್ಲಾ ಸರಿ, ಆದ್ರೂ ತೋಳಿಗೆ ಸಿಕ್ಸಿದ ತಕ್ಷಣ ನಿಂತೋಗತ್ತೆ”

ಈಗ ರಟ್ಟಿನ ಕಡೆ ಬನ್ನಿ. ನಾನು ನೋಡಿದ ಹಾಗೆ ಇಲ್ಲಿ ಒಂದೇ ತಪ್ಪು ತಿರುಗಿ ತಿರುಗಿ ಬರತ್ತೆ, ಸಿರಿಂಜನ್ನ ಬುಡಕ್ಕೆ ಅಲ್ಲಾಡದ ಹಾಗೆ ಅಂಟಿಸಿರ್ತಾರೆ. ಗಟ್ಟಿ ಇದ್ರೆ ಒಳ್ಳೇದು ಅಂತ. ಆದ್ರೆ ತೋಳು ಏಳುವಾಗ ಪಿಸ್ಟನ್ ತುದಿ ನೇರ ಗೆರೇಲಿ ಹೋಗಲ್ಲ, ತೋಳಿನ ಜೊತೆ ಕಮಾನಾಗಿ ಸುತ್ತತ್ತೆ. ಸಿರಿಂಜ್ ಓರೆಯಾಗೋಕೆ ಬಿಡದಿದ್ರೆ ಪಿಸ್ಟನ್ ಕಡ್ಡಿ ಬಾಗಿ ಕೊಳವೆಗೆ ಉಜ್ಜತ್ತೆ, ಇನ್ನೂ ಒತ್ತಿದ್ರೆ ಬುಡದ ರಟ್ಟೇ ಎದ್ದು ಬರತ್ತೆ. ಪಿಸ್ಟನ್ ಕಡ್ಡಿ ಬಾಗೋದು ಕಣ್ಣಿಗೇ ಕಾಣತ್ತೆ, ಪಕ್ಕದಿಂದ ನೋಡಿ.

ಸಿರಿಂಜಿನ ಎರಡೂ ತುದಿ ತಿರುಗೋ ಹಾಗಿರಬೇಕು. ಕೊಳವೆಗೆ ಎರಡು ಕಡೆ ಐಸ್‌ಕ್ಯಾಂಡಿ ಕಡ್ಡಿ ಇಟ್ಟು ಕೇಬಲ್ ಟೈ ಬಿಗಿದು, ಆ ಕಡ್ಡಿಗಳಲ್ಲಿ ತೂತು ಮಾಡಿ ಬಿದಿರು ಕಡ್ಡಿ ತೂರಿಸಿ, ಅದೇ ಕೀಲು. ಪಿಸ್ಟನ್ ತುದಿಗೂ ಹೀಗೇ. ತೂತನ್ನ ಗೋಣಿ ಹೊಲಿಯೋ ದಬ್ಬಣದಲ್ಲಿ ದೊಡ್ಡೋರು ಮಾಡ್ಕೊಡಿ. ರಟ್ಟಿಗೇ ನೇರ ಕಡ್ಡಿ ತೂರಿಸಿದ್ರೆ ಎರಡು ದಿನದಲ್ಲಿ ತೂತು ದೊಡ್ಡದಾಗಿ ಜೋತುಬೀಳತ್ತೆ, ಖಾಲಿ ಬಾಲ್ ಪೆನ್ ರೀಫಿಲ್ಲಿನ ಒಂದು ತುಂಡನ್ನ ತೂತಿಗೆ ಹಾಕಿ ಅದರೊಳಗೆ ತೆಳು ತಂತಿ ತೂರಿಸಿದ್ರೆ ನಯವಾಗಿ ತಿರುಗತ್ತೆ.

ಆಮೇಲೆ ಸಿರಿಂಜ್ ತಳ್ಳೋ ದಿಕ್ಕು ನೋಡಿ. ತೋಳು ಕೆಳಗಿರುವಾಗ ಸಿರಿಂಜಿನ ಗೆರೆ ತೋಳಿನ ಕೀಲಿನ ಮೂಲಕನೇ ಹಾದುಹೋದ್ರೆ ಎಷ್ಟು ಒತ್ತಿದ್ರೂ ತಿರುಗಲ್ಲ. ಬೆರಳಲ್ಲಿ ಸ್ವಲ್ಪ ಎತ್ತಿಕೊಟ್ರೆ ಆಮೇಲೆ ತಾನೇ ಏಳತ್ತೆ ಅಂದ್ರೆ ಇದೇ ದೋಷ, ಸಿರಿಂಜಿನ ಬುಡವನ್ನ ಕೀಲಿಂದ ಇನ್ನಷ್ಟು ದೂರ ಸರಿಸಿ.

“ಎದ್ದಿದ್ದು ಸ್ವಲ್ಪನೇ” ಅಥವಾ “ಎದ್ರೂ ಒಂದು ರಬ್ಬರ್ ತುಂಡೂ ಎತ್ತಲ್ಲ”

ಎರಡೂ ಒಂದೇ ಲೆಕ್ಕದ ಎರಡು ತುದಿ. ಸಿರಿಂಜ್ ಕೀಲಿಗೆ ಹತ್ರ ತಳ್ಳಿದ್ರೆ ತೋಳು ಜಾಸ್ತಿ ಏಳತ್ತೆ, ಆದ್ರೆ ಬಲ ಜಾಸ್ತಿ ಬೇಕು. ದೂರ ತಳ್ಳಿದ್ರೆ ಬಲ ಕಮ್ಮಿ ಸಾಕು, ಏಳೋದೂ ಕಮ್ಮಿ. 20 ಸೆಂಮೀ ತೋಳು, ಕೀಲಿಂದ 4 ಸೆಂಮೀ ದೂರದಲ್ಲಿ ಸಿರಿಂಜ್ ಅಂದ್ಕೊಳ್ಳಿ, ತುದೀಲಿ 50 ಗ್ರಾಂ ಎತ್ತೋಕೆ ಸಿರಿಂಜ್ 250 ಗ್ರಾಮಿನಷ್ಟು ತಳ್ಳಬೇಕು, ತೋಳಿನ ಸ್ವಂತ ಭಾರ ಬೇರೆ.

ಕೀಲು ಬದಲಾಯಿಸೋಕೆ ಆಗದಿದ್ರೆ ಸಿರಿಂಜ್ ಅಳತೆ ಬದಲಾಯಿಸಿ. ಕೈಲಿ ಒತ್ತೋದು 5 ಎಂಎಲ್, ತೋಳಿಗೆ 10 ಎಂಎಲ್ ಹಾಕಿದ್ರೆ ಸುಮಾರು ಒಂದೂವರೆ ಪಟ್ಟು ಬಲ ಸಿಗತ್ತೆ, ಬದಲಿಗೆ ಪಿಸ್ಟನ್ ಸರಿಯೋದು ಕಮ್ಮಿ. ಉಲ್ಟಾ ಹಾಕಿದ್ರೆ, ಅಂದ್ರೆ 10 ಎಂಎಲ್ ಒತ್ತಿ 5 ಎಂಎಲ್ ಏಳ್ಸಿದ್ರೆ, ಅರ್ಧ ಒತ್ತೋ ಅಷ್ಟರಲ್ಲೇ ಆ ಕಡೆ ತುಂಬ್ಹೋಗಿ ಪಿಸ್ಟನ್ ಹೊರಗೆ ಹಾರತ್ತೆ.

ಸೈಜು ಎಲ್ಲಾ ಸರಿ ಇದ್ದೂ ಪೂರ್ತಿ ಏಳ್ತಿಲ್ಲ ಅಂದ್ರೆ ನೀರು ತುಂಬಿದ ರೀತಿ ನೋಡಿ, ತೋಳು ಪೂರ್ತಿ ಕೆಳಗಿರುವಾಗ ಕೈಲಿರೋ ಸಿರಿಂಜ್ ತುಂಬಿರಬೇಕು, ತೋಳಿಂದು ಖಾಲಿ ಇರಬೇಕು. ಎರಡೂ ಅರ್ಧರ್ಧ ತುಂಬಿ ಜೋಡಿಸಿದ್ರೆ ಏಳೋದೂ ಅರ್ಧನೇ.

“ತೋಳು ಬಾಗತ್ತೆ”, “ಇಡೀ ಗಾಡಿನೇ ಮುಗುಚತ್ತೆ”

ಬಾಗೋದಕ್ಕೆ ರಟ್ಟಿನ ಒಳಗಿನ ಅಲೆ ಅಡ್ಡ ಹೋಗಿರೋದೇ ಕಾರಣ, ತೋಳಿನ ಉದ್ದಕ್ಕೇ ಅಲೆ ಬರೋ ಹಾಗೆ ಕತ್ತರಿಸಿ. ರಟ್ಟು ಒದ್ದೆಯಾಗಿ ಮೆತ್ತಗಾಗಿದ್ರೆ ಒಣಗಿಸಿದ್ರೂ ಮೊದಲಿನ ಬಲ ಬರಲ್ಲ, ಹೊಸದು ಕತ್ತರಿಸಿ ಸೆಲ್ಲೋಟೇಪ್ ಸುತ್ತಿ. ಮುಗುಚಿದ್ರೆ ಹಿಂದುಗಡೆ ಮರಳು ತುಂಬಿದ ಸಣ್ಣ ಬಾಟ್ಲು ಇಡಿ.

ಎಲ್ಲಿ ನಿಲ್ಲಿಸಬೇಕು

ಸಿರಿಂಜಿನ ಕೊಳವೇಲಿ ಬಿರುಕು ಕಂಡ್ರೆ ಅದನ್ನ ಎಸೀರಿ, ಟೇಪ್ ಸುತ್ತಿ ಮುಂದುವರಿಸಬೇಡಿ. ಬಲ ಸಾಲಲ್ಲ ಅಂತ ಸೈಕಲ್ ಪಂಪು, ನಲ್ಲಿ ನೀರು, ಕಂಪ್ರೆಸರ್ ಯಾವುದನ್ನೂ ಜೋಡಿಸಬೇಡಿ, ಬೆರಳಲ್ಲಿ ಆಗದಿದ್ರೆ ಡಿಸೈನ್ ತಪ್ಪು ಅಂತ್ಲೇ ಅರ್ಥ.

ಬೆರಳು ಬೆರಳು ಅಂಟ್ಕೊಂಡ್ರೆ ಎಳೆದು ಬಿಡಿಸಬೇಡಿ, ಬೆಚ್ಚಗಿನ ಸೋಪ್ ನೀರಲ್ಲಿ ಇಟ್ಟು ನಿಧಾನಕ್ಕೆ ಹೊರಳಿಸಿ ಬಿಡಿಸಿ. ಕಣ್ಣಿಗೆ ಅಂಟು ಹಾರಿದ್ರೆ ಉಜ್ಜೋದು, ರೆಪ್ಪೆ ಬಲವಂತವಾಗಿ ತೆಗೆಯೋದು ಎರಡೂ ಬೇಡ, ನೇರ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಎಲ್ಲೋ ಸಿಕ್ಕಿದ ಸೂಜಿ ಮಗುಗೆ ಚುಚ್ಚಿದ್ರೆ ಗಾಯ ಹಿಂಡಬೇಡಿ, ಸೋಪ್ ಹಾಕಿ ಹರಿಯೋ ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೊರಡಿ. ಎಚ್‌ಐವಿ ಸೋಂಕು ತಡೆಯೋ ಔಷಧಿ ಬೇಕಾದ್ರೆ ಅದನ್ನ 72 ಗಂಟೆ ಒಳಗೆ ಶುರು ಮಾಡಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೇದು. ಬೈತಾರೆ ಅಂತ ಮಗು ಹೇಳದೇ ಮುಚ್ಚಿಡೋ ಹಾಗೆ ಮಾಡ್ಕೋಬೇಡಿ.

“ಮನೇಲಿ ಚೆನ್ನಾಗಿತ್ತು, ಸ್ಕೂಲಿಗೆ ತಗೊಂಡೋದ್ಮೇಲೆ ಆಗ್ತಿಲ್ಲ”

ದಾರೀಲಿ ಟ್ಯೂಬ್ ಮಡಚಿರತ್ತೆ, ಇಲ್ಲಾ ಪಿಸ್ಟನ್ ಎಳೆದು ಗಾಳಿ ಸೇರಿರತ್ತೆ, ಮೊದಲು ಇವೆರಡನ್ನೇ ನೋಡಿ. ತೋಳು ಕೆಳಗಿಳಿಸಿ, ಪಿಸ್ಟನ್‌ಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಲ್ಲಾಡದ ಹಾಗೆ ಮಾಡಿ ತಗೊಂಡೋಗೋದು ಒಳ್ಳೇದು. ಅಲ್ಲಿ ಬಂದ ಮಕ್ಕಳೆಲ್ಲಾ ಹೆಬ್ಬೆರಳು ಪೂರ್ತಿ ಹಾಕಿ ಒತ್ತೇ ಒತ್ತುತಾರೆ, ಬೇಡ ಅಂದ್ರೆ ಇನ್ನೂ ಜೋರಾಗಿ ಒತ್ತುತಾರೆ. ಬ್ಯಾಗಲ್ಲಿ ಎರಡು ಹೊಸ ಸಿರಿಂಜು, ಒಂದು ಮೊಳ ಟ್ಯೂಬು, ನಾಲ್ಕು ಕೇಬಲ್ ಟೈ, ಕುದಿಸಿ ಆರಿಸಿದ ನೀರಿನ ಬಾಟ್ಲು, ಗುಳ್ಳೆ ತೆಗೆಯೋಕೆ ಒಂದು ಅಗಲದ ಟಿಫನ್ ಡಬ್ಬಿ, ಒರೆಸೋಕೆ ಬಟ್ಟೆ ಇಟ್ಟು ಕಳಿಸಿ. ಫೆವಿಕ್ವಿಕ್ ಮಾತ್ರ ಮನೇಲೇ ಇರ್ಲಿ.